ಹಳದಿ ಹಂಸ

ವಿದ್ಯೆಗೆ ವಯಸ್ಸಿಲ್ಲವೆಂದು ಹಿರಿಯರು ಹೇಳುತ್ತಾರೆ. ಇದು ಕಲಿಯುವವನಿಗೆ ಹೇಳುವ ಸಮಾಧಾನದ ಮಾತು. ಕಲಿಸುವವರನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಹನ್ನೊಂದು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ, ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಮೇಲೆ ಕೆಂಪು ಮಸಿಯನ್ನು ಧಾರಾಳವಾಗಿ ಸುರಿಸಿದ ನಾನು, ಮೂವತ್ತಾರನೆಯ ವಯಸ್ಸಿನಲ್ಲಿ ಒಬ್ಬ ಗುರುವಿನ ಮುಂದೆ ಕೈಕಟ್ಟಿ ನಿಂತೆ. ಕೆಂಪನ್ನು ಹಚ್ಚುವುದು ಎಷ್ಟು ಕಷ್ಟದ ಕೆಲಸವೆಂಬುದು ಆಗ ನನಗೆ ತಿಳಿಯಿತು.

ಕಾರಣವನ್ನು ಹೇಳದಿದ್ದರೆ ವಾಚಕರು ಇದನ್ನು ಬಿಡುವಿದ್ದವನ ಹುಚ್ಚೆಂದು ತಿಳಿಯಬಹುದು. ನಮ್ಮ ಮನೆ ಕಪನೂರದಲ್ಲಿದೆ. ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದು ಹೊರಟರೆ ಬೇಳೆ ಗಿರಣಿಗಳ ಸದ್ದು ಎಲ್ಲಿ ಕಿವಿಗೆ ಬೀಳುತ್ತದೆಯೋ ಅಲ್ಲಿಂದ ನಮ್ಮ ಊರು ಮೊದಲು. ಆ ಮನೆಯ ಒಳಕೋಣೆಯಲ್ಲಿ, ಅವ್ವನ ಮಂಚದ ಎದುರಿಗೆ, ಒಂದು ಪಟ ತೂಗುತ್ತಿತ್ತು. ಅದು ಕಮಲಾಪುರದ ಕಡೆಯ ಅವಳ ತವರಿನಿಂದ ಬಂದದ್ದು. ರಾಜಾ ರವಿವರ್ಮನ ‘ಹಂಸ ದಮಯಂತಿ’ಯ ಹಳೆಯ ಅಚ್ಚು. ಕೆಂಪು ಸೀರೆಯ ದಮಯಂತಿ ನಿಂತಿದ್ದಾಳೆ, ಎದುರಿಗೆ ಹಂಸ. ನಳನ ಕೈಗೆ ಸಿಕ್ಕಿ, ಅವನ ಕರುಣೆಯಿಂದ ಬಿಡುಗಡೆ ಹೊಂದಿ ಬಂದ ಹಂಸ ಅವನ ಗುಣಗಾನ ಮಾಡುತ್ತಿದೆ, ಇವಳು ಕೇಳುತ್ತಿದ್ದಾಳೆ. ಅಷ್ಟೇ ಚಿತ್ರ. ನಾನು ಹುಟ್ಟಿದಂದಿನಿಂದ ಆ ಹಂಸ ಮಾತನ್ನು ಮುಗಿಸಿರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಮಾಳಿಗೆ ಸೋರಿತು. ಗೋಡೆಯಲ್ಲಿ ಇಳಿದ ನೀರು ಪಟದ ಬುಡವನ್ನು ಹೊಕ್ಕಿತು. ನಾವು ಕಂಡಾಗ ದಮಯಂತಿಯ ಪಾದಗಳೂ ಸೀರೆಯ ಅಂಚೂ ಕೊಳೆತು, ಗಾಜಿಗೆ ಅಂಟಿಕೊಂಡಿದ್ದವು. ಅದೇ ತಿಂಗಳು ಅವ್ವನ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿದೆಯೆಂದೂ, ತಡಮಾಡಿದಷ್ಟೂ ಪೊರೆ ಗಟ್ಟಿಯಾಗಿ ಶಸ್ತ್ರಚಿಕಿತ್ಸೆ ಕಠಿಣವಾಗುವುದೆಂದೂ ವೈದ್ಯರು ಹೇಳಿದರು. ಅವ್ವ ಒಪ್ಪಲಿಲ್ಲ. ಬಹಳ ವರ್ಷಗಳ ಹಿಂದೆ ಅವಳ ಅಕ್ಕನ ಕಣ್ಣೊಂದು ಇಂಥದೇ ಚಿಕಿತ್ಸೆಯಲ್ಲಿ ಹೋಗಿತ್ತು. ಆ ಭಯ ಅವಳ ಎದೆಯಲ್ಲಿ ಮನೆಮಾಡಿತ್ತು. ಈಗಿನ ವಿಧಾನವೇ ಬೇರೆಯೆಂದು ನಾನು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಒಂದು ಸಂಜೆ ಆ ಹಾಳಾದ ಪಟವನ್ನು ತೊಡೆಯ ಮೇಲೆ ಇಟ್ಟುಕೊಂಡು, “ಹೊಸ ಕಣ್ಣು ಬಂದರ ನೋಡ್ಲಿಕ್ಕೆ ಏನಾರ ಇರಬೇಕಲ್ಲ ತಮ್ಮಾ. ಇದನ್ನ ಸರಿಮಾಡಿಸು. ಇದು ಗೋಡಿಗಿ ಹತ್ತಿದ ಮರುದಿನ ದವಾಖಾನಿಗಿ ಬರ್ತೀನಿ” ಎಂದಳು.

ಪಟಕ್ಕೆ ಕಟ್ಟು ಹಾಕುವ ಅಂಗಡಿಯವರು ತಲೆಯಲ್ಲಾಡಿಸಿದರು. ಹೊಸ ಅಚ್ಚನ್ನು ತಂದುಕೊಟ್ಟರೆ ಅವ್ವ ಅದನ್ನು ಮುಟ್ಟಿ, ಇದು ನಮ್ಮದಲ್ಲವೆಂದು ಬದಿಗಿಟ್ಟಳು. ಆಗ ನನ್ನ ಬಾಯಿಂದ ಆ ಅವಿವೇಕದ ಮಾತು ಹೊರಟಿತು: “ನಾನೇ ಬರಿತೀನಿ, ಅವ್ವಾ.”

ನನ್ನ ಗುರುಗಳು ಇದೇ ಊರಿನವರು. ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು. ಫ್ಲೆಕ್ಸ್ ಬಂದು ಅವರ ಕುಂಚಕ್ಕೆ ವಿಶ್ರಾಂತಿ ಕೊಟ್ಟಿತ್ತು. ಎಲ್ಲರೂ ಅವರನ್ನು ಉಸ್ತಾದರೆಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಅವರ ಮನೆಯ ಫರಸಿಯ ಅಂಗಳದಲ್ಲಿ ನನ್ನ ಅಕ್ಷರಾಭ್ಯಾಸ ನಡೆಯಿತು. ದಸರೆಯ ರಜೆಯಲ್ಲಿ ಆರಂಭ. ಯುಗಾದಿಯ ಒಳಗೆ ಮುಗಿಸಬೇಕೆಂಬ ಸಂಕಲ್ಪ.

ಮೊದಲ ದಿನ ಬಣ್ಣದ ಸುದ್ದಿಯೇ ಇಲ್ಲ. ಅಚ್ಚಿನ ಎತ್ತರ ಇಪ್ಪತ್ತು ಅಂಗುಲ, ಅಗಲ ಹದಿನಾಲ್ಕು. ಗಾಜಿನ ಮೇಲೆ ಅಂಗುಲಕ್ಕೊಂದರಂತೆ ದಾರ ಕಟ್ಟಿಸಿದರು. ಒಟ್ಟು 280 ಚೌಕಗಳಾದವು. ಕ್ಯಾನ್ವಾಸಿನ ಮೇಲೆ ಒಂದೂವರೆ ಅಂಗುಲದ ಅಷ್ಟೇ ಚೌಕಗಳು. ಒಂದೊಂದು ಚೌಕದಲ್ಲಿ ಗೆರೆ ಎಲ್ಲಿ ಹೊಕ್ಕು ಎಲ್ಲಿ ಹೊರಡುತ್ತದೆಂಬುದನ್ನು ನೋಡಿ ಇದ್ದಿಲಿನಿಂದ ಗುರುತಿಸಬೇಕು. “ಕುತ್ತಿಗಿ ಅಂತ ಬರೀಬ್ಯಾಡ್ರಿ ಮಾಸ್ತರ್ರ. ಈ ಚೌಕದಾಗ ಗೆರಿ ಎಲ್ಲಿ ಹೊಂಟದ, ಅಷ್ಟ ನೋಡ್ರಿ” ಎನ್ನುತ್ತಿದ್ದರು. ಕುತ್ತಿಗೆಯೆಂಬ ಮಾತು ಮನಸ್ಸಿಗೆ ಬಂದೊಡನೆ ಕೈ ತನಗೆ ತಿಳಿದ ಯಾವುದೋ ಕುತ್ತಿಗೆಯನ್ನು ಬರೆಯುತ್ತದೆ. ಎದುರಿಗಿರುವ ಕುತ್ತಿಗೆ ಅಲ್ಲಿಯೇ ಉಳಿಯುತ್ತದೆ.

ವಾಚಕರೇ, ಈ ಹಂಸದ ಪ್ರಸಂಗವನ್ನು ಮಹಾಭಾರತದ ವನಪರ್ವದಲ್ಲಿ ನಾನು ಓದಿದ್ದೇನೆ. ಕನಕದಾಸರ ‘ನಳಚರಿತ್ರೆ’ಯನ್ನು ತರಗತಿಯಲ್ಲಿ ಪಾಠ ಮಾಡಿದ್ದೇನೆ. ಆದರೆ ದಮಯಂತಿ ಹಂಸದ ಮಾತನ್ನು ಕೇಳುವಾಗ ಅವಳ ದೇಹದ ಭಾರ ಯಾವ ಕಾಲಿನ ಮೇಲಿತ್ತು, ತಲೆ ಎಷ್ಟು ಬಾಗಿತ್ತು ಎಂಬ ಪ್ರಶ್ನೆ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ‘ಕೇಳಿದಳು’ ಎಂದು ಓದಿ ಮುಂದೆ ಹೋಗುತ್ತಿದ್ದೆ. ಕೇಳುವುದಕ್ಕೂ ಒಂದು ಆಕಾರವಿದೆಯೆಂಬುದನ್ನು ಆ ಚೌಕಗಳು ಕಲಿಸಿದವು. ಕಣ್ಣಿನಿಂದ ಓದುವುದು ಒಂದು, ಕೈಯಿಂದ ಓದುವುದು ಇನ್ನೊಂದು.

ಅನಂತರ ಬಣ್ಣ. ತೈಲವರ್ಣವೆಂದರೆ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದದ್ದು. ನಮ್ಮ ಹೊಲಗಳಲ್ಲಿ ಹಿಂಗಾರಿನಲ್ಲಿ ನೀಲಿ ಹೂ ಬಿಡುವ ಅಗಸೆಯೇ ಇದು. ಇದರ ಹಿಂಡಿಯನ್ನು ಜೋಳದ ರೊಟ್ಟಿಯೊಡನೆ ತಿಂದು ಬೆಳೆದ ನಾನು, ಅದೇ ಬೀಜದ ಎಣ್ಣೆಯಿಂದ ಯುರೋಪಿನ ಮಹಾಚಿತ್ರಗಳು ಹುಟ್ಟಿದವೆಂದು ತಿಳಿದಾಗ ಒಂದು ಬಗೆಯ ಬಂಧುತ್ವವನ್ನು ಅನುಭವಿಸಿದೆ. ಈ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ತಾನೇ ಗಟ್ಟಿಯಾಗುತ್ತದೆ. ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ ಒಣಗುವುದಿಲ್ಲ. ಅಂಬರ್ ಎಂಬ ಕಂದುಮಣ್ಣಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಟೈಟೇನಿಯಂ ಬಿಳಿ ದಿನಗಟ್ಟಲೆ ಹಸಿಯಾಗಿರುತ್ತದೆ. ಆದುದರಿಂದ ಮೊದಲು ಟರ್ಪೆಂಟೈನಿನಲ್ಲಿ ತೆಳುಮಾಡಿದ ಕಂದುಬಣ್ಣದಿಂದ ಇಡೀ ಚಿತ್ರದ ನೆರಳನ್ನು ಮಾತ್ರ ಬರೆಯಬೇಕು. ಮೇಲಿನ ಲೇಪಗಳಲ್ಲಿ ಎಣ್ಣೆ ಕ್ರಮವಾಗಿ ಹೆಚ್ಚಬೇಕು. “ಮೊದಲ ನೆರಳ ಕೂಡಿಸ್ರಿ, ಬೆಳಕ ತಾನ ಬರ್ತದ” ಎಂಬುದು ಉಸ್ತಾದರ ಸೂತ್ರ.

ಸೂತ್ರವನ್ನು ಬಾಯಿಪಾಠ ಮಾಡಿದವನು ಅದನ್ನು ಪಾಲಿಸುತ್ತಾನೆಂದು ನಿಯಮವೇನೂ ಇಲ್ಲ. ಅವ್ವನ ಕಣ್ಣಿನ ಚಿಂತೆ ನನ್ನನ್ನು ಅವಸರಕ್ಕೆ ಈಡುಮಾಡಿತ್ತು. ಉಸ್ತಾದರು ನಾಲ್ಕು ದಿನ ಊರಿನಲ್ಲಿಲ್ಲದಾಗ, ಹಿನ್ನೆಲೆಯ ಮೇಲೆ ಎಣ್ಣೆ ಬೆರೆಸಿದ ಬಿಳಿಯನ್ನು ದಪ್ಪನಾಗಿ ಬಳಿದು, ಮರುದಿನವೇ ಅದರ ಮೇಲೆ ತೆಳ್ಳನೆಯ ಕಂದುಬಣ್ಣದಲ್ಲಿ ಗಿಡದ ಕೊಂಬೆಗಳನ್ನು ಎಳೆದೆ. ನೋಡಲು ಬಹಳ ಸೊಗಸಾಗಿತ್ತು. ಆರು ವಾರಗಳಲ್ಲಿ ಕೊಂಬೆಗಳೆಲ್ಲ ಬೇಸಗೆಯ ಎರೆಹೊಲದಂತೆ ಬಿರಿದವು. ಮೇಲಿನ ಲೇಪ ಒಣಗಿ ನಿಂತಿತ್ತು. ಕೆಳಗಿನದು ಇನ್ನೂ ಅಲುಗಾಡುತ್ತಿತ್ತು. ಅಷ್ಟನ್ನೂ ಕೆರೆದು ತೆಗೆಯಬೇಕಾಯಿತು. ಇದಲ್ಲದೆ ಗಿರಣಿಗಳಿಂದ ಹಾರಿಬರುವ ತೊಗರಿಯ ಹೊಟ್ಟಿನ ಧೂಳು ಹಸಿಬಣ್ಣದ ಮೇಲೆ ಕುಳಿತು, ದಮಯಂತಿಯ ಕೆನ್ನೆಗೆ ಮೈಲಿ ಬಂದಂತೆ ಕಾಣಿಸಿತು. ಒದ್ದೆಯ ಸೀರೆಯೊಂದನ್ನು ಬಾಗಿಲಿಗೆ ಕಟ್ಟಿ ಕೆಲಸ ಮುಂದುವರಿಸಿದೆವು. ಎರಡು ತಿಂಗಳು ಹಾಗೆ ಕಳೆದವು. ಅಷ್ಟರಲ್ಲಿ ಅವ್ವ ಗೋಡೆ ಹಿಡಿದು ನಡೆಯತೊಡಗಿದ್ದಳು.

ನನ್ನ ಸಹೋದ್ಯೋಗಿಗಳೊಬ್ಬರು, “ಬೇರೆಯವರ ಚಿತ್ರವನ್ನು ನಕಲು ಮಾಡಿದರೆ ನಿಮ್ಮದೇನು ಬಂತು?” ಎಂದು ಕೇಳಿದರು. ನಕಲು ಮಾಡಿದ ವಿದ್ಯಾರ್ಥಿಗಳನ್ನು ಹಿಡಿಯುವ ಕೆಲಸ ನನ್ನದೇ ಆದುದರಿಂದ ಪ್ರಶ್ನೆ ಚುಚ್ಚಿತು. ಆದರೆ ವಿಚಾರ ಮಾಡಿ ನೋಡಿದರೆ, ಕಲೆಯ ಇತಿಹಾಸದಲ್ಲಿ ಪ್ರತಿ ತೆಗೆಯದೆ ದೊಡ್ಡವರಾದವರು ವಿರಳ. ರೂಬೆನ್ಸ್ ಹೆಸರಾಂತ ಚಿತ್ರಕಾರನಾದ ಮೇಲೆಯೂ 1628–29ರಲ್ಲಿ ಮ್ಯಾಡ್ರಿಡ್ಡಿನ ಅರಮನೆಯಲ್ಲಿ ಟಿಷಿಯನ್ನನ ಚಿತ್ರಗಳ ಪ್ರತಿ ತೆಗೆಯುತ್ತ ಕುಳಿತ. ಅವನ ‘ಆದಾಮ ಮತ್ತು ಈವ’ದಲ್ಲಿ ಟಿಷಿಯನ್ ಬರೆಯದ ಒಂದು ಗಿಳಿ ಬಂದು ಕುಳಿತಿದೆ! ಮೂಲವೂ ಪ್ರತಿಯೂ ಇಂದು ಪ್ರಾಡೋ ಸಂಗ್ರಹಾಲಯದಲ್ಲಿವೆ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಹಿಂದೆ ವಿದ್ಯಾರ್ಥಿಗಳು ಗ್ರೀಕ್ ವಿಗ್ರಹಗಳ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ಕೈ ತಿದ್ದಿಕೊಳ್ಳುತ್ತಿದ್ದರು. ನಮ್ಮ ಊರಿನ ಎಸ್.ಎಂ. ಪಂಡಿತರು ಕಲಿತದ್ದೂ ಅದೇ ಶಾಲೆಯಲ್ಲಿ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಚಲನಚಿತ್ರಗಳ ಭಿತ್ತಿಪತ್ರಗಳನ್ನು ಬರೆದರು, ರವಿವರ್ಮನ ದಾರಿಯಲ್ಲಿ ಪುರಾಣದ ಸ್ತ್ರೀಪುರುಷರನ್ನು ಕ್ಯಾಲೆಂಡರುಗಳ ಮೂಲಕ ಮನೆಮನೆಗೆ ತಂದರು, 1993ರಲ್ಲಿ ತೀರಿಕೊಂಡರು. ಅವರ ಹೆಸರಿನ ರಂಗಮಂದಿರಕ್ಕೆ ನಾಟಕ ನೋಡಲು ಹೋಗುವ ನಾವು, ಅವರು ಚಿತ್ರಕಾರರಾಗಿದ್ದರೆಂಬುದನ್ನು ಮರೆಯುತ್ತೇವೆ.

ಇನ್ನು ಸಾಹಿತ್ಯದ ಮಾತು. ನಮ್ಮ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ವನ್ನು ಅನುಸರಿಸಿದ ಗ್ರಂಥ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥವೇ ಒಬ್ಬ ಗುರುವಿನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದಿದೆ. ಹಾಗೆ ನಡೆಯುತ್ತಲೇ ಕನ್ನಡನಾಡು ಯಾವುದು, ಕನ್ನಡದ ಜನ ಎಂಥವರು ಎಂದು ದಂಡಿ ಹೇಳಲಾರದ ಮಾತುಗಳನ್ನು ಹೇಳಿದೆ. ನನ್ನ ಸಹೋದ್ಯೋಗಿಗಳಿಗೆ ಇದನ್ನು ಹೇಳಿ ಜಯಶಾಲಿಯಂತೆ ಮನೆಗೆ ಬಂದೆ. ಆದರೆ ಅನುಸರಿಸುವುದರಲ್ಲಿ ಇರುವ ಅಪಾಯ ನನಗೆ ಆಗ ಇನ್ನೂ ಗೊತ್ತಿರಲಿಲ್ಲ.

ಕೆಂಪಿನ ವಿಷಯದಲ್ಲಿ ಅದರ ಮುನ್ಸೂಚನೆ ದೊರೆತಿತ್ತು. ಪಟದ ಬುಡ ಕೊಳೆತಿದ್ದುದರಿಂದ ಸೀರೆಯ ಅಂಚನ್ನು ನೋಡಲು ಮೊಬೈಲಿನಲ್ಲಿ ಇದೇ ಚಿತ್ರವನ್ನು ಹುಡುಕಿದೆ. ರವಿವರ್ಮ 1899ರಲ್ಲಿ ಬರೆದ ಮೂಲ ತಿರುವನಂತಪುರದಲ್ಲಿದೆ. ಮೊಬೈಲಿನಲ್ಲಿ ಐದು ಛಾಯಾಚಿತ್ರಗಳು ಸಿಕ್ಕವು; ಐದರಲ್ಲಿ ಐದು ಬಗೆಯ ಕೆಂಪು. ಒಂದು ಕುಂಕುಮದಂತೆ, ಒಂದು ಇಟ್ಟಿಗೆಯಂತೆ, ಒಂದು ದಾಳಿಂಬೆಯಂತೆ. ಹಂಸವೂ ಒಂದರಲ್ಲಿ ಬೆಳ್ಳಗೆ, ಇನ್ನೊಂದರಲ್ಲಿ ಕೆನೆಬಣ್ಣ. ಓಲೆಗರಿಯ ಪ್ರತಿಗಳಲ್ಲಿ ಪಾಠಾಂತರಗಳನ್ನು ಕಂಡಂತಾಯಿತು. ಗೊಂದಲವೇಕೆಂದು ಮೊಬೈಲನ್ನು ಮುಚ್ಚಿಟ್ಟು, ಮನೆಯ ಪ್ರತಿಯೇ ಪ್ರಮಾಣವೆಂದು ನಿಶ್ಚಯಿಸಿದೆ. ಅದರ ಕೆಂಪು ಕಮಲಾಪುರದ ಕೆಂಪು ಬಾಳೆಹಣ್ಣಿನ ಸಿಪ್ಪೆಯಂತಿತ್ತು. ಒಂದು ಚಿಪ್ಪು ಹಣ್ಣನ್ನು ತಂದು ಪಕ್ಕದಲ್ಲಿಟ್ಟುಕೊಂಡು ಬಣ್ಣ ಬೆರೆಸಿದೆ. ಸೀರೆಯ ನೆರಿಗೆ ಬೀಳುವ ರೀತಿಯನ್ನು ನೋಡಲು ನನ್ನ ಹೆಂಡತಿಯನ್ನು ಒಂಬತ್ತು ಗಜದ ಸೀರೆಯುಡಿಸಿ ನಿಲ್ಲಿಸಿದೆ. ರವಿವರ್ಮನ ರೂಪದರ್ಶಿಯರು ಎಷ್ಟು ಹೊತ್ತು ನಿಲ್ಲುತ್ತಿದ್ದರೋ ಕಾಣೆ. ನನ್ನಾಕೆ, “ಒಲಿ ಮ್ಯಾಲ ಹಾಲದ” ಎಂದು ಹತ್ತು ನಿಮಿಷಕ್ಕೆ ದಮಯಂತಿಯ ಪದವಿಗೆ ರಾಜೀನಾಮೆ ಕೊಟ್ಟಳು.

ಅಂತೂ ಯುಗಾದಿಗೆ ಮೂರು ದಿನ ಮುಂಚೆ ಚಿತ್ರ ಹಳೆಯ ಮೊಳೆಗೆ ಏರಿತು. ಅವ್ವ ಸಮೀಪಕ್ಕೆ ಬಂದು, ಮುಖವನ್ನು ಚಿತ್ರದಿಂದ ಗೇಣು ದೂರದಲ್ಲಿರಿಸಿ ಬಹಳ ಹೊತ್ತು ನೋಡಿದಳು. “ಅದೇ ಅದ” ಎಂದಳು. ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬೇಕಿರಲಿಲ್ಲ. ಮರುದಿನ, ಕೊಟ್ಟ ಮಾತಿನಂತೆ, ಕೈಚೀಲ ಹಿಡಿದು ಆಸ್ಪತ್ರೆಗೆ ಹೊರಟಳು. ಒಳಗೆ ಕರೆದೊಯ್ಯುವ ಮುನ್ನ ನನ್ನ ಬೆರಳುಗಳನ್ನು ಬಲವಾಗಿ ಹಿಡಿದಿದ್ದಳು. ಆ ಬೆರಳುಗಳ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣವಿತ್ತು. ಅರ್ಧ ಗಂಟೆಯೊಳಗೆ ಹೊರಗೆ ಬಂದಳು. ಬಲಗಣ್ಣಿನ ಮಂಜಾದ ಮಸೂರವನ್ನು ತೆಗೆದು ಹೊಸ ಮಸೂರವನ್ನು ಕೂಡಿಸಿದ್ದರು.

ನಾಲ್ಕು ದಿನಗಳ ಅನಂತರ ಅವ್ವ ತನ್ನ ಮಂಚದ ಮೇಲೆ ಕುಳಿತು ಚಿತ್ರವನ್ನು ನೋಡಿದಳು. ಹುಬ್ಬು ಗಂಟಿಕ್ಕಿತು. “ತಮ್ಮಾ, ಹಂಸ ಯಾಕ ಹಳದಿ ಅದ?” ಎಂದಳು. ಅಂಗೈಯಿಂದ ಬಲಗಣ್ಣನ್ನು ಮುಚ್ಚಿಕೊಂಡಳು. “ಈಗ ಸರಿ ಅದ.” ಎಡಗಣ್ಣನ್ನು ಮುಚ್ಚಿಕೊಂಡಳು. “ಈಗ ಹಳದಿ. ಅರಿಶಿಣದ ನೀರಾಗ ಎದ್ದಿದಂಗ.” ಹಾಗೆಯೇ ನಾಲ್ಕಾರು ಸಲ ಮಾಡಿದಳು, ಮಕ್ಕಳು ಆಟವಾಡುವಂತೆ.

ಮುಪ್ಪಿನಲ್ಲಿ ಕಣ್ಣಿನ ಮಸೂರ ಹಳದಿಯಾಗುತ್ತ ಹೋಗುತ್ತದೆ. ನೀಲಿಯ ಬೆಳಕನ್ನು ಒಳಗೆ ಬಿಡುವುದಿಲ್ಲ. ಈ ಬದಲಾವಣೆ ಎಷ್ಟು ನಿಧಾನವಾದುದೆಂದರೆ ಇದು ನಡೆದದ್ದೇ ತಿಳಿಯುವುದಿಲ್ಲ. ಫ್ರಾನ್ಸಿನ ಮೋನೆ 1923ರಲ್ಲಿ ಪೊರೆ ತೆಗೆಸಿಕೊಂಡ ಮೇಲೆ, ಮೊದಲು ಬರೆದಿದ್ದ ಕೆಲವು ಚಿತ್ರಗಳನ್ನು ತಿದ್ದಲು ತೊಡಗಿದನಂತೆ. ಆದರೆ ನನ್ನ ಕಣ್ಣಿಗೆ ಪೊರೆಯಿರಲಿಲ್ಲವಲ್ಲ? ನಾನೇಕೆ ಹಳದಿ ಹಂಸವನ್ನು ಬರೆದೆ?

ಅಟ್ಟದಿಂದ ಹಳೆಯ ಪಟವನ್ನು ಇಳಿಸಿ ಉಸ್ತಾದರ ಮನೆಗೆ ಹೊತ್ತೆ. ಅವರು ಚೌಕಟ್ಟಿನ ಮೊಳೆ ಕಿತ್ತು ಅಚ್ಚನ್ನು ಹೊರತೆಗೆದರು. ಚೌಕಟ್ಟಿನ ಅಂಚು ಮುಚ್ಚಿಕೊಂಡಿದ್ದ ಅರ್ಧ ಬೆರಳಿನ ಪಟ್ಟಿಯಲ್ಲಿ ಬಣ್ಣಗಳು ಬೇರೆಯೇ ಆಗಿದ್ದವು, ತಣ್ಣಗೆ, ತಿಳಿಯಾಗಿ. ಉಳಿದ ಭಾಗವೆಲ್ಲ ದೀಪದ ಹೊಗೆಯನ್ನೂ ಹತ್ತಾರು ವರ್ಷದ ಬೆಳಕನ್ನೂ ಕುಡಿದು ಕಂದಿತ್ತು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಬಂದ ಇಂಥ ಅಚ್ಚುಗಳಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಆ ಕಲ್ಲೂ ನಮ್ಮ ಶಹಾಬಾದ ಕಲ್ಲಿನಂತೆ ಸುಣ್ಣಕಲ್ಲಿನ ಜಾತಿಯದೇ. ತೈಲಚಿತ್ರದ ಹೊಳಪು ಬರಲೆಂದು ಮೇಲೆ ವಾರ್ನಿಷ್ ಬಳಿಯುತ್ತಿದ್ದರು; ಆ ವಾರ್ನಿಷ್ ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ನಾನು ಆರು ತಿಂಗಳು ಶ್ರದ್ಧೆಯಿಂದ ಬರೆದದ್ದು ರವಿವರ್ಮನ ಹಂಸವನ್ನಲ್ಲ, ವಾರ್ನಿಷನ್ನು!

“ಇದು ನಿಮಗ ಗೊತ್ತಿತ್ತೇನ್ರಿ ಉಸ್ತಾದ?” ಎಂದು ಕೇಳಿದೆ.

“ಗೊತ್ತಿರದ ಏನ್ರಿ! ಇದ್ದದ್ದು ಇದ್ದಂಗ ಬರಿತೀನಿ ಅಂತ ನೀವ ಅಂದಿದ್ರಿ. ಇದ್ದದ್ದು ಯಾವದು ಅಂತ ನೀವ ಕಾಣಬೇಕು. ನಾ ಹೇಳಿದ್ರ ನನ್ನ ಕಣ್ಣಿಲೆ ನೋಡಿದಂಗ ಆಗ್ತದ.”

ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯನ್ನು ಓದಿದ ನನಗೆ ನಾಚಿಕೆಯಾಯಿತು. ಲಿಪಿಕಾರನು ಕವಿಯ ಮಾತಿನ ಜೊತೆಗೆ ಹಿಂದಿನ ಲಿಪಿಕಾರನ ತಪ್ಪನ್ನೂ ಭಕ್ತಿಯಿಂದ ಬರೆದುಕೊಳ್ಳುತ್ತಾನೆ. ಸಮೀಪದಲ್ಲಿ ಸಿಕ್ಕ ಪ್ರತಿಯೇ ಮೂಲವೆಂದು ನಂಬುವುದು ಸಂಪಾದಕನ ಮೊದಲ ಪ್ರಮಾದ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಆದರೂ ಐದು ಪಾಠಾಂತರಗಳು ಎದುರಿಗಿದ್ದಾಗ, ಮನೆಯ ಪ್ರತಿಯ ಮೇಲಿನ ಪ್ರೀತಿಯಿಂದ ಉಳಿದವನ್ನು ಮುಚ್ಚಿಟ್ಟೆ. ನಕಲು ಮಾಡುವುದು ತಪ್ಪಲ್ಲ. ಅದಿಲ್ಲದೆ ನಾನು ದಮಯಂತಿಯ ಕುತ್ತಿಗೆಯನ್ನೇ ಕಾಣುತ್ತಿರಲಿಲ್ಲ. ಆದರೆ ಗುರುವಿನ ಗೆರೆ ಯಾವುದು, ಅದರ ಮೇಲೆ ಕುಳಿತ ಕಾಲದ ಧೂಳು ಯಾವುದು ಎಂದು ಬೇರ್ಪಡಿಸಲು ಕಲಿಯುವವರೆಗೆ ಕಲಿತಂತಾಗುವುದಿಲ್ಲ. ಹಿರಿಯರಿಂದ ನಾವು ಪಡೆದ ಎಷ್ಟೋ ನಂಬಿಕೆಗಳ ಮಾತೂ ಇದೇ. ಅವ್ವನ ಭಯವನ್ನೇ ನೋಡಿ: ಅವಳು ಅಂಜಿದ್ದು ತನ್ನ ಕಾಲದ ಚಿಕಿತ್ಸೆಗಲ್ಲ, ಅಕ್ಕನ ಕಾಲದ ಚಿಕಿತ್ಸೆಗೆ.

ಬೇಸಗೆಯ ರಜೆಯಲ್ಲಿ ಹಂಸವನ್ನು ಮತ್ತೆ ಬರೆದೆ. ಬಿಳಿಯ ಹಂಸಕ್ಕೆ ಬರಿಯ ಬಿಳಿ ಸಾಲದು. ರೆಕ್ಕೆಯ ಕೆಳಗೆ ನೀಲಿ ಬೆರೆತ ಬೂದಿ, ಎದೆಯ ಮೇಲೆ ಸೀರೆಯ ಕೆಂಪಿನ ಒಂದಿಷ್ಟು ಪ್ರತಿಫಲನ, ಬೆಳಕು ಬೀಳುವ ಬೆನ್ನಿನಲ್ಲಿ ಮಾತ್ರ ಅಪ್ಪಟ ಬಿಳಿ. ಸೀರೆಯ ಕೆಂಪನ್ನೂ ತುಸು ತಣ್ಣಗೆ ಮಾಡಿದೆ. ಬಾಳೆಹಣ್ಣಿನ ಹೋಲಿಕೆ ಅಲ್ಲಿಗೆ ಕೆಟ್ಟಿತು. ಇನ್ನೂ ಚಿತ್ರಕ್ಕೆ ವಾರ್ನಿಷ್ ಬಳಿದಿಲ್ಲ. ಬಣ್ಣ ಒಳಗಿನವರೆಗೆ ಒಣಗಲು ಆರು ತಿಂಗಳಾದರೂ ಕಾಯಬೇಕೆಂಬುದು ಉಸ್ತಾದರ ಆಜ್ಞೆ. ಈ ಸಲ ನನಗೆ ಅವಸರವಿಲ್ಲ.

ಅವ್ವ ಮಾತ್ರ ದಿನವೂ ಒಂದೊಂದು ಕಣ್ಣನ್ನು ಮುಚ್ಚಿ ಪರೀಕ್ಷಿಸುತ್ತಾಳೆ. ಎಡಗಣ್ಣಿಗೆ ಅದು ತವರಿನ ಹಂಸ. ಬಲಗಣ್ಣಿಗೆ ಮಗನ ಹಂಸ. ಮೊನ್ನೆ ಎರಡನೆಯ ಕಣ್ಣಿನ ಚಿಕಿತ್ಸೆಗೆ ದಿನ ಗೊತ್ತುಮಾಡಲು ನಾನು ಹೋಗುವಾಗ, “ದೀಪಾವಳಿ ಆಗ್ಲಿ, ತಮ್ಮಾ” ಎಂದಳು. ಏಕೆಂದು ಕೇಳಿದೆ. ಈ ಸಲ ಭಯವಲ್ಲವಂತೆ. “ಅವ್ವನ ಮನಿ ಹಂಸ ಇನ್ನೊಂದು ನಾಕು ದಿನ ನೋಡ್ತೀನಿ” ಎಂದಳು.

ವೈದ್ಯರನ್ನು ಕೇಳಿದೆ. ಅಷ್ಟು ದಿನ ಕಾಯಬಹುದೆಂದು ಅವರು ಹೇಳಿದ್ದಾರೆ.